ಅಕ್ಬರಿಯ ಪರವಾಗಿ ಹೈದರಾಬಾದಿಗೆ ಹೋದ ವೈದ್ಯರು

ಬೀದರ ಸೀಮೆಯಲ್ಲಿ ಮೂರ್ಛೆರೋಗವು ದೆವ್ವಗಾಳಿಯ ಕಾಟವಲ್ಲ, ಮಿದುಳಿನ ಕಾಯಿಲೆಯೆಂದು ಮನೆಮನೆಗೆ ತಿಳಿಹೇಳಿದ ವೈದ್ಯರಲ್ಲಿ ಹುಮನಾಬಾದಿನ ಡಾ. ವೈಜನಾಥ ಅವರದು ಮೊದಲ ಸಾಲಿನ ಹೆಸರು. ರಾಜ್ಯ ಒಂದುಗೂಡಿದ ೧೯೫೬ರಲ್ಲಿ ಸರಕಾರಿ ದವಾಖಾನೆಗೆ ಬಂದ ಹೊಸತರಲ್ಲೇ, ದುಬಲಗುಂಡಿಯ ಓಣಿಯಲ್ಲಿ ಬಿದ್ದು ಒದ್ದಾಡುತ್ತಿದ್ದ ಹೆಂಗಸಿನ ಮೂಗಿಗೆ ಜನ ಹಿಡಿದಿದ್ದ ಚಪ್ಪಲಿಯನ್ನು ಮೆಲ್ಲಗೆ ಸರಿಸಿ, ಆಕೆಯನ್ನು ಮಗ್ಗುಲಾಗಿ ಮಲಗಿಸಿ, ಎಚ್ಚರವಾಗುವ ತನಕ ಬಿಸಿಲಲ್ಲೇ ಪಕ್ಕದಲ್ಲಿ ಕೂತವರು ಅವರು.

೧೯೮೩ರಲ್ಲಿ ಹೈದರಾಬಾದಿನ ವೈದ್ಯರ ತಂಡವೊಂದು, ಮಿದುಳಿನಲ್ಲಿ ಸಹಜವಾಗಿ ಒಸರುವ ಹಾರ್ಮೋನಿನ ಮಾದರಿಯಲ್ಲಿ ತಯಾರಾದ, ಸೂಜಿಯಲ್ಲಿ ಕೊಡುವ ಹೊಸ ಮದ್ದನ್ನು ಗುಳಿಗೆಗೆ ಬಗ್ಗದ ಮೂರ್ಛೆಗೆ ಪರೀಕ್ಷಿಸತೊಡಗಿತು. ಡಾ. ವೈಜನಾಥ ಅವರ ಬಳಿ ಬರುತ್ತಿದ್ದ ಬಸವಕಲ್ಯಾಣದ ಅಕ್ಬರಿ ಅಂಥ ರೋಗಿ. ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡಿದ್ದ ಆ ಹುಡುಗಿಯನ್ನು ತಾಯಿ ಹಜಿರಾ ಬೀ ಕಣ್ಣಳತೆಯಾಚೆ ಬಿಡುತ್ತಿರಲಿಲ್ಲ.

"ಸಾಹೇಬ್ರೆ, ಈ ಸೂಜಿ ಮ್ಯಾಲ ನಿಮಗ ಭರೋಸಾ ಅದ ಏನ್ರಿ?" ಎಂದು, ಮಗಳನ್ನು ಆ ಪರೀಕ್ಷೆಗೆ ಸೇರಿಸೋಣವೆಂದ ವೈದ್ಯರನ್ನು ಆಕೆ ಕೇಳಿದರು.

"ಪೂರಾ ಇಲ್ರಿ ಅಮ್ಮಾ. ಅದಕ್ಕೇ ಪರೀಕ್ಷಾ ಮಾಡಾಕತ್ತಾರ. ನೀವು ಬ್ಯಾಡ ಅಂದ್ರೂ ನಾ ಗುಳಿಗಿ ಕೊಡೋದು ಬಿಡಂಗಿಲ್ಲ," ಎಂದರು ವೈದ್ಯರು.

ತಾಯಿ ಬೇಡವೆಂದು ತಲೆಯಾಡಿಸಿದರು. ಅಕ್ಬರಿಯೇ ಹೇಳಿದಳು: "ಬಿದ್ದು ಏಳೋಕಿ ನಾನು, ಅಮ್ಮಾ. ಹೋಗ್ತೀನಿ."

ಮದ್ದು ನಾಟಿತು. ದಿನ ಬಿಟ್ಟು ದಿನ ಬರುತ್ತಿದ್ದ ಮೂರ್ಛೆ ವಾರಗಟ್ಟಲೆ ಸುಳಿಯಲಿಲ್ಲ. ಆದರೆ ಪರೀಕ್ಷೆಯ ಅವಧಿ ಮುಗಿದು ಸೂಜಿ ನಿಂತದ್ದೇ ತಡ, ಕಾಯಿಲೆ ಮರಳಿತು. ಮುಂದುವರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಹಜಿರಾ ಬೀಯವರ ಮುಖ ನೋಡಲು ಡಾ. ವೈಜನಾಥ ಅವರಿಗೆ ಧೈರ್ಯ ಸಾಲಲಿಲ್ಲ. ರಜೆ ಹಾಕಿ ಹೈದರಾಬಾದಿಗೆ ಹೋಗಿ, ಗುಲಬರ್ಗಾ ಕಡೆಯವರೇ ಆದ ತಂಡದ ಮುಖ್ಯಸ್ಥರೆದುರು ನಿಂತರು.

"ನಿಮ್ಮ ಮದ್ದಿಗೆ ಗುಣ ಅದ ಅಂತ ಆಕಿ ತೋರಿಸಿಕೊಟ್ಟಾಳ್ರಿ. ಈಗ ನೀವು ಕೈಬಿಟ್ರ, ಇನ್ನೊಬ್ಬ ರೋಗೀನ ನಾ ಯಾವ ಮಾರಿ ಇಟ್ಕೊಂಡು ಕರೀಲಿ?"

ಅಂದು ಮುಖ್ಯಸ್ಥರು ಒಪ್ಪಲಿಲ್ಲ. ವೈದ್ಯರು ಮತ್ತೆ ಮತ್ತೆ ಹೋದ ಮೇಲೆ ಒಪ್ಪಿದರು. ಅಕ್ಬರಿಗೆ ಮಾತ್ರವಲ್ಲ, ಗುಣ ಕಂಡವರಿಗೆಲ್ಲ ಮದ್ದು ಮುಂದುವರಿಯಿತು. ಕಾಯಿಲೆ ಪೂರ್ತಿ ಹೋಗಿಲ್ಲ, ಅಪರೂಪಕ್ಕೆ ಇಣುಕುತ್ತದೆ. ಆದರೂ ಅಕ್ಬರಿ ಇಂದು ನಾರಾಯಣಪುರದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಾಳೆ.

ಈ ವರ್ಷ, ೧೯೮೬ರಲ್ಲಿ, ಸೇವೆಯಿಂದ ನಿವೃತ್ತರಾದ ಡಾ. ವೈಜನಾಥ ಅವರು ಮನ್ನಾಏಖೇಳ್ಳಿಯಲ್ಲಿ ಮೂರ್ಛೆರೋಗಿಗಳಿಗೆಂದೇ ದವಾಖಾನೆ ತೆರೆಯುತ್ತಿದ್ದಾರೆ. ಬೀಳ್ಕೊಡುಗೆಯ ದಿನ ಕೊರಳಲ್ಲಿ ಹಾರವಿರುವಾಗಲೇ ಹಜಿರಾ ಬೀಯವರಿಗೆ, "ಅಕ್ಬರೀನ ಆಗಾಗ ಕಳಸ್ರಿ ಅಮ್ಮಾ. ಹೊಸದಾಗಿ ಬರೋರು ಹೆದರ್ತಾರ, ಆಕಿ ಬಾಜೂಕ ಕುಂತು ಮಾತಾಡ್ಲಿ," ಎಂದರು.

ಅವರಿಗೆ ತುಂಬು ಆಯುಸ್ಸೂ ಕುಂದದ ಕಸುವೂ ದೊರೆಯಲಿ. ಆ ದವಾಖಾನೆಗೆ ಹೊತ್ತು ತಂದ ರೋಗಿಗಳೆಲ್ಲ ತಮ್ಮ ಕಾಲ ಮೇಲೆ ನಡೆದು ಮನೆಗೆ ಮರಳಲಿ.