ಕೈಗೆ ಸಿಕ್ಕದ ದೈತ್ಯರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊರಗೆ ಕತ್ತಲಿರುವ ತನಕ ಅಡುಗೆಮನೆಯ ಕಿಟಕಿಗಾಜು ಕನ್ನಡಿಯಾಗುತ್ತದೆ. ಸನ್ನೆಯಕ್ಕನ ಅಭ್ಯಾಸ ಅದಕ್ಕೇ ಈ ಹೊತ್ತಿಗೆ. ಒಲೆಯ ಮೇಲೆ ಹಾಲಿಟ್ಟು, ಗಾಜಿನೆದುರು ನಿಂತು, ಎರಡೂ ತೋಳು ಅಗಲಿಸಿ ಕೆನ್ನೆ ಉಬ್ಬಿಸುತ್ತಾರೆ: ದೈತ್ಯ. ಊಹೂಂ ಎಂದು ಕೈ ಇಳಿಸುತ್ತಾರೆ. ಅಂಗೈ ಮೇಲೆ ಎರಡು ಬೆರಳು ನಿಲ್ಲಿಸಿ ಕೆಳಕ್ಕೆ ಕೆಡಹುತ್ತಾರೆ: ಬಿದ್ದವನು. ಅದೂ ಊಹೂಂ. ಅಷ್ಟರಲ್ಲಿ ಹಾಲು ಉಕ್ಕುತ್ತದೆ.

“ಹಾಳಾದ ದೈತ್ಯರು, ಈ ವಾರ ಎರಡನೇ ಸಲ ಹಾಲು ಉಕ್ಕಿಸಿದ್ರು,” ಎನ್ನುತ್ತಾ ಒರೆಸುವ ಬಟ್ಟೆ ಎಳೆದುಕೊಳ್ಳುತ್ತಾರೆ.

ಐವತ್ತು ದಾಟಿದ ಈ ಹೆಂಗಸಿನ ಕೆಲಸ, ಆಡಿದ ಮಾತನ್ನು ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ತಲುಪಿಸುವುದು; ಎಲ್ಲರ ಬಾಯಲ್ಲಿ ಸನ್ನೆಯಕ್ಕ ಆದದ್ದು ಹಾಗೆ. ಉಳಿದ ದಿನ ಆಸ್ಪತ್ರೆ, ನ್ಯಾಯಾಲಯ, ಬ್ಯಾಂಕು. ವಾರಕ್ಕೊಂದು ಬೆಳಿಗ್ಗೆ ಗ್ರಂಥಾಲಯದ ಸಭಾಂಗಣದಲ್ಲಿ ಪ್ರಾಚೀನ ಗ್ರಂಥಗಳ ಉಪನ್ಯಾಸ. ಮಾತನಾಡುವವರು ನಿವೃತ್ತ ಹೀಬ್ರೂ ಮೇಷ್ಟ್ರು. ವೇದಿಕೆಯ ಪಕ್ಕದ ದೀಪದಡಿ ಸನ್ನೆಯಕ್ಕ. ಮುಂದಿನ ಎರಡು ಸಾಲು ಅವರ ಕೇಳುಗರದ್ದು. “ನೋಡುಗರು ಅಂತ ಬರೀರಿ,” ಎಂದು ನನ್ನ ಬರಹ ತಿದ್ದುತ್ತಾರೆ. ಈ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಇನ್ನೊಬ್ಬರು ಬಂದು ಕೈಗೆ ಬಿಡುವು ಕೊಡಬೇಕು. ಇಲ್ಲಿ ಇನ್ನೊಬ್ಬರಿಲ್ಲ. ಭುಜಕ್ಕೆ ರಾತ್ರಿ ಬಿಸಿನೀರಿನ ಚೀಲವೇ ಗತಿ.

ಸನ್ನೆ ಕಲಿಸಿದ್ದು ಹುಟ್ಟಿನಿಂದಲೇ ಕಿವಿ ಕೇಳದ ಅಣ್ಣ. ಪೀಠೋಪಕರಣಗಳಿಗೆ ಪಾಲಿಶ್ ಹಾಕುವುದು ಅವರ ಕಸುಬು. “ಕಲಿತಿದ್ದು ಜಗಳ ಆಡೋಕೆ. ಅಪ್ಪ ಅಮ್ಮಂಗೆ ಸನ್ನೆ ಬರ್ತಿರ್ಲಿಲ್ಲ. ಹಾಗಾಗಿ ಅಣ್ಣ ನನ್ನ ಮೇಲೆ ಚಾಡಿ ಹೇಳ್ಬೇಕಿದ್ರೂ ಅದನ್ನ ಅವರಿಗೆ ನಾನೇ ಮುಟ್ಟಿಸ್ಬೇಕು! ಒಂದಕ್ಷರ ಬಿಡ್ತಿರ್ಲಿಲ್ಲ. ಬಿಟ್ಟೆ ಅಂತ ಗೊತ್ತಾದ್ರೆ ವಾರಗಟ್ಟಲೆ ನನ್ನ ಕಡೆ ತಿರುಗಿ ನೋಡ್ತಿರ್ಲಿಲ್ಲ.”

ತಂಗಿ ಏನನ್ನೂ ಬಿಡುವುದಿಲ್ಲ, ಸೇರಿಸುವುದಿಲ್ಲ ಎಂಬ ಅಣ್ಣನ ನಂಬಿಕೆಗೇ ಹೋದ ವಾರ ಪೆಟ್ಟು ಬಿದ್ದಿದೆ. ಹೀಬ್ರೂ ಧರ್ಮಗ್ರಂಥದ ಆರಂಭದಲ್ಲೇ ‘ನೆಫಿಲಿಮ್’ ಎಂಬವರ ಪ್ರಸ್ತಾಪ ಬರುತ್ತದೆ. ಅವರು ಯಾರೆಂದು ಅಲ್ಲಿ ಬಿಡಿಸಿ ಹೇಳಿಲ್ಲ. ಹಳೆಯ ಗ್ರೀಕ್ ಅನುವಾದಕರು ದೈತ್ಯರೆಂದರು. ಬಿದ್ದವರು ಎನ್ನುವವರಿದ್ದಾರೆ, ದೇವಲೋಕದವರಿಗೂ ಮನುಷ್ಯ ಸ್ತ್ರೀಯರಿಗೂ ಹುಟ್ಟಿದವರು ಎನ್ನುವವರಿದ್ದಾರೆ, ಬರೀ ದಬ್ಬಾಳಿಕೆಯ ದೊರೆಗಳು ಎನ್ನುವವರೂ ಇದ್ದಾರೆ. ಮೇಷ್ಟ್ರು ಈ ಪಟ್ಟಿಗೆ ಬರುವ ಮೊದಲೇ, ಪದ ಕಿವಿಗೆ ಬಿದ್ದ ಕೂಡಲೇ, ಸನ್ನೆಯಕ್ಕನ ತೋಳು ಅಗಲವಾಗಿ, ಕೆನ್ನೆ ಉಬ್ಬಿದೆ.

“ಮೇಷ್ಟ್ರು ಆ ಪದಾನ ಹಾಗೇ ಉಚ್ಚರಿಸಿ ಮುಂದೆ ಹೋಗ್ಬಹುದು. ಕೈ ಏನಾದ್ರೂ ಒಂದನ್ನ ತೋರಿಸ್ಲೇಬೇಕು ಅಂದ್ಕೊಂಡೆ. ಅಭ್ಯಾಸಬಲ.”

ನೋಡುಗರ ಸಾಲಿನಲ್ಲಿದ್ದ ಅಣ್ಣ, ಉಪನ್ಯಾಸ ಮುಗಿದ ಮೇಲೆ ಗ್ರಂಥಾಲಯದ ಮೆಟ್ಟಿಲ ಮೇಲೆ ಸನ್ನೆಯಲ್ಲೇ ತರಾಟೆಗೆ ತೆಗೆದುಕೊಂಡರು: “ಅವರು ದೈತ್ಯರು ಅಂತ ನೀನು ಆಗ್ಲೇ ತೀರ್ಪು ಕೊಟ್ಯಲ್ಲ, ಮತ್ತೆ ಮೇಷ್ಟ್ರು ಒಂದು ಗಂಟೆ ಒದ್ದಾಡಿದ್ದು ಯಾತಕ್ಕೆ? ಕಿವಿ ಕೇಳೋರಿಗೆ ಪ್ರಶ್ನೆ, ನಮಗೆ ಉತ್ತರಾನಾ? ಇನ್ನೊಂದ್ಸಲ ಹೀಗಾದ್ರೆ ನಾನು ಬರಲ್ಲ.” ಅಣ್ಣ ಎದ್ದರೆ ಎರಡೂ ಸಾಲು ಏಳುತ್ತದೆ. ಅದು ತಂಗಿಗೆ ಗೊತ್ತು.

ಈಗ ಸಭಾಂಗಣ ತುಂಬಿದೆ. ಅಣ್ಣ ಮುಂದಿನ ಸಾಲಿನ ಕೊನೆಯಲ್ಲಿ ಕೈಕಟ್ಟಿ ಕುಳಿತಿದ್ದಾರೆ. ಕೈಯಲ್ಲೇ ಮಾತಾಡುವವರು ಕೈಕಟ್ಟಿದರೆ ಬಾಯಿಗೆ ಬೀಗ ಹಾಕಿದಂತೆ. ಮೇಷ್ಟ್ರು ಆ ಪದ ಹೇಳುತ್ತಾರೆ. ಸನ್ನೆಯಕ್ಕ ಅದನ್ನು ಬೆರಳಿನಲ್ಲಿ ಅಕ್ಷರಕ್ಷರವಾಗಿ ಬಿಡಿಸಿ, ಎದುರಿನ ಗಾಳಿಯಲ್ಲಿ ಎರಡೂ ಕೈಯಿಂದ ಒಂದು ಖಾಲಿ ಜಾಗವನ್ನು ಸುತ್ತುಗಟ್ಟುತ್ತಾರೆ. ಒಳಗೆ ಏನನ್ನೂ ಇಡುವುದಿಲ್ಲ. ದೇವಲೋಕದವರ ಮಕ್ಕಳು ಅದರ ಎಡಕ್ಕೆ, ದೊರೆಗಳು ಬಲಕ್ಕೆ, ಬಿದ್ದವರು ತುಸು ಆಚೆಗೆ, ದೈತ್ಯರು ಮೇಲೆ. ಪ್ರತಿ ಸಲ ಕೈ ಮರಳುವುದು ಆ ಖಾಲಿ ಜಾಗಕ್ಕೇ.

ಮೇಷ್ಟ್ರು ಅದೇ ಗ್ರಂಥದ ಗೂಢಚಾರರ ಕಥೆಗೆ ಬರುತ್ತಾರೆ. ಹೊಸ ನಾಡನ್ನು ನೋಡಿ ಬರಲು ಹೋದವರು ನಡುಗುತ್ತಾ ಹಿಂತಿರುಗಿ, ಅಲ್ಲಿ ನೆಫಿಲಿಮರನ್ನು ಕಂಡೆವು, ನಮ್ಮ ಕಣ್ಣಿಗೆ ನಾವು ಮಿಡತೆಗಳಂತಿದ್ದೆವು, ಅವರ ಕಣ್ಣಿಗೂ ಹಾಗೇ ಇದ್ದೆವು ಎಂದರಂತೆ. ಎದುರಿನವರನ್ನು ಅಷ್ಟು ಎತ್ತರ ಮಾಡಿದ್ದು ಇವರ ಭಯವೇ ಇರಬಹುದು ಎನ್ನುತ್ತಾರೆ ಮೇಷ್ಟ್ರು.

ಅಣ್ಣನ ಕೈಕಟ್ಟು ಬಿಚ್ಚುತ್ತದೆ. ಎದ್ದು ನಿಂತು, ತಂಗಿ ಬಿಟ್ಟ ಖಾಲಿ ಜಾಗವನ್ನೇ ಬೆರಳಲ್ಲಿ ತೋರಿಸಿ ಏನೋ ಕೇಳುತ್ತಾರೆ. ಎರಡೂ ಸಾಲು ಬೆಂಚು ಗುದ್ದಿ ನಗುತ್ತದೆ. ಉಳಿದ ಸಭೆ ಪಿಳಿಪಿಳಿ ನೋಡುತ್ತದೆ. ಸನ್ನೆಯಕ್ಕ ನಗು ತಡೆದುಕೊಂಡು ದನಿಯಾಗುತ್ತಾರೆ: “ನಮ್ಮ ಕಣ್ಣಿಗೆ ಮಿಡತೆ ಅಂದಿದ್ದು ಸರಿ. ಅವರ ಕಣ್ಣಿಗೂ ಮಿಡತೆ ಅಂತ ಇವರಿಗೆ ಹೇಗೆ ಗೊತ್ತಾಯ್ತು? ಹೋಗಿ ಕೇಳಿದ್ರಾ?”

ಈಗ ಇಡೀ ಸಭೆ ನಗುತ್ತದೆ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. “ಕೇಳಿರಲಾರರು. ಕೇಳಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.”

ಹೊರಗೆ ಮೆಟ್ಟಿಲ ಮೇಲೆ ಅಣ್ಣ ತಂಗಿಯ ಭುಜ ತಟ್ಟಿ, “ಖಾಲಿ ಜಾಗ ಚೆನ್ನಾಗಿತ್ತು. ಆದ್ರೆ ಕೆನ್ನೆ ಇನ್ನೂ ಉಬ್ಬಿಕೊಂಡೇ ಇದೆ. ಮುಂದಿನ ವಾರಕ್ಕೆ ಇಳಿಸ್ಕೊಂಡು ಬಾ, ನನ್ನ ಜಾಗ ಹಿಡಿದಿಡು,” ಎಂದು ಸನ್ನೆ ಮಾಡಿ ಇಳಿದುಹೋಗುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಸನ್ನೆಯಕ್ಕ ಭುಜ ನೀವಿಕೊಳ್ಳುತ್ತಾರೆ. “ಸಭೆ ನಕ್ಕಾದ ಮೇಲೇ ನಮ್ಮ ಸಾಲು ನಗೋದು. ನಾನು ಎಷ್ಟೇ ಬೇಗ ಕೈಯಾಡಿಸಿದ್ರೂ ಒಂಚೂರು ಹಿಂದೇನೇ. ಒಂದು ಸಲ ಎರಡೂ ಕಡೆಯವ್ರು ಒಟ್ಟಿಗೆ ನಗ್ಬೇಕು, ಅಷ್ಟೆ.” ಚೀಲ ಹೆಗಲಿಗೇರಿಸುತ್ತಾರೆ. “ಇವತ್ತೂ ಒಟ್ಟಿಗೆ ಆಗ್ಲಿಲ್ಲ, ಬಿಡಿ. ಇವತ್ತು ಕಿವಿ ಕೇಳೋರು ಕಾಯ್ಬೇಕಾಯ್ತು.”