ಸಣ್ಣಮ್ಮ ಸವರಿದ ದ್ರಾಕ್ಷಿಬಳ್ಳಿ

ಆಡಿದ ಮಾತನ್ನು ಹಿಂತೆಗೆಯದವಳು; ಉಣ್ಣುವ ಮುನ್ನ ಅಂಗಳದಾಚೆ ನಿಂತವರ ಮುಖ ನೋಡುವವಳು; ಇಷ್ಟಲಿಂಗವನ್ನು ಪೂಜಿಸಿದ ಕೈಯಿಂದಲೇ ಗೊಬ್ಬರ ಹೊರಲು ಹೇಸದವಳು; ತನ್ನ ನೋವನ್ನು ತಾಳಬಲ್ಲವಳು, ಪರರ ಮೇಲಿನ ಅನ್ಯಾಯವನ್ನು ತಾಳಲಾರದವಳು; ತಾನು ನಾಲಗೆಗೆ ಸೋಕಿಸದ ರಸವನ್ನು ಅನ್ಯರ ಪೂಜೆಗಾಗಿ ಶುಚಿಯಿಂದ ಹಿಂಡಿಕೊಟ್ಟವಳು. ಇಂತಹವಳು ಪಯ್ಯಂಪಳ್ಳಿಯ ಸಣ್ಣಮ್ಮ.

ಗಂಡ ಶಿವಮಲ್ಲಪ್ಪ, ಮೈದುನ ಚೆಲುವರಾಜು ಇವರೊಡನೆ ಅವಳು ಗುಂಡ್ಲುಪೇಟೆಯ ಕಡೆಯಿಂದ ಗಾಡಿ ಕಟ್ಟಿಕೊಂಡು ಗಡಿಯಾಚೆಯ ಈ ಮಲೆಕಾಡಿಗೆ ಬಂದದ್ದು ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ. ತಿರುವಾಂಕೂರಿನ ಕುಟುಂಬಗಳೂ ಆಗ ಕಾಡು ಕಡಿಯುತ್ತಿದ್ದವು. ಎಲ್ಲರೂ ಮೆಣಸು ಹಬ್ಬಿಸಿದರು. ಸಣ್ಣಮ್ಮ ಮಾತ್ರ, ಇಗರ್ಜಿಯ ಪಾದ್ರಿಗಳು ತಮ್ಮ ಪೂಜೆಯ ದ್ರಾಕ್ಷಾರಸಕ್ಕೆಂದು ಕಡಲತೀರದ ತಮ್ಮ ಮನೆತನದ ತೋಟದಿಂದ ತಂದುಕೊಟ್ಟ ಶಾರ್ಡೊನೆ ಎಂಬ ಬಿಳಿದ್ರಾಕ್ಷಿಯ ಕಡ್ಡಿಗಳನ್ನು ನೆಟ್ಟಳು. ಮೂರನೆಯ ವರ್ಷ ಮಳೆ ನಿಂತೊಡನೆ ಬಳ್ಳಿಯ ಕೊಂಬೆಗಳನ್ನು ಚಿಗುರೊಡೆಯುವ ಎರಡೆರಡು ಕಣ್ಣುಗಳನ್ನಷ್ಟೇ ಉಳಿಸಿ ಸವರಬೇಕು, ಆಗಲೇ ಅದು ಕಾಯಿ ಕಟ್ಟುವುದು ಎಂದು ಕಲಿಸಿದವರೂ ಅವರೇ. ಮೆಣಸು ಬೆಳೆಯುವವರಿಗೆ ಈ ಪಾಠವಿಲ್ಲ. ಬುಡದ ಬಳಿ ಬಳ್ಳಿ ಕಡಿಯುವವನು ಅವರ ಪಾಲಿಗೆ ಹಗೆಯವನೇ.

ಆ ಮೂರನೆಯ ವರ್ಷದ ತುಲಾಮಾಸದಲ್ಲಿ, ಮಳೆ ನಿಲ್ಲುವ ಹೊತ್ತಿಗೆ, ಚೆಲುವರಾಜು ತನ್ನ ಮೆಣಸಿನ ತೋಟವನ್ನು ಹೊಳೆಯವರೆಗೆ ಚಾಚಲೆಂದು, ಆ ಕಾಡಿನ ಮೂಲ ನಿವಾಸಿಯೂ ಅಣ್ಣನ ಮನೆಯ ಆಳೂ ಆದ ಬೈರನ ಗುಡಿಸಲಿಗೆ ಬೆಂಕಿಯಿಟ್ಟ. ಅಡ್ಡ ಬಂದ ಬೈರನ ಹೆಂಡತಿ ಚೀರುವಿನ ತೋಳು ಸುಟ್ಟಿತು. ಸಣ್ಣಮ್ಮ ಇಬ್ಬರನ್ನೂ ದ್ರಾಕ್ಷಿ ಹಿಂಡಲೆಂದು ಕಟ್ಟಿಸಿದ್ದ ಕೊಟ್ಟಿಗೆಯಲ್ಲಿ ಇರಿಸಿಕೊಂಡಳು. ನಾಲ್ಕನೆಯ ದಿನ ಬೈರ ಕೊಂಬೆ ಹಿಡಿದ, ಅವಳು ಸವರಿದಳು. ಸಂಜೆಗೆ ಒಂದು ಬಳ್ಳಿ ಮಾತ್ರ ಸವರದೆ ಉಳಿಯಿತು.

ಮರುದಿನ ಬೆಳಿಗ್ಗೆ ಶಿವಮಲ್ಲಪ್ಪ ವೆಳ್ಳಮುಂಡಕ್ಕೆ ಹೋಗಿದ್ದ. ಆ ಹಾದಿಯಲ್ಲಿ ಬಂದ ಚೆಲುವರಾಜು ಬೋಳು ಮೋಟುಗಳನ್ನು ಕಂಡ. ಕೊಟ್ಟಿಗೆಯಿಂದ ಬೈರನನ್ನು ಎಳೆದು ತಂದು ಚಪ್ಪರದ ಕಂಬಕ್ಕೆ ಹಗ್ಗದಿಂದ ಅವನ ನಡುವನ್ನು ಬಿಗಿದ. ಮಚ್ಚಿನ ಹಿಡಿಯಿಂದ ಹೊಡೆದ ಹೊಡೆತಕ್ಕೆ ಹಲ್ಲುಗಳು ನೆಲಕ್ಕುರುಳಿದವು.

"ಗುಡಿಸ್ಲು ಹೋಯ್ತು ಅಂತ ಬಳ್ಳಿ ಕಡ್ದ್ಯೇನ್ಲಾ?"

"ಅಮ್ಮ ಕೊಯ್ದಳು ತಂಬ್ರಾ, ಒಡೆಯಾ. ಞಾನು ಹಿಡ್ಕಂಡೆ, ಅಷ್ಟೆ."

"ಅತ್ತಿಗೆ ಕುಯ್ದಳಂತೆ. ಹೆತ್ತೋಳು ಕೂಸಿನ ಕತ್ತು ಕುಯ್ತಾಳೇನ್ಲಾ?" ಚೆಲುವರಾಜು ಅವನ ಬಲಗೈಯನ್ನು ಕಂಬದ ಬುಡದಲ್ಲಿದ್ದ ಕೂರುವ ಹಲಗೆಯ ಮೇಲೆ ಅದುಮಿ ಹಿಡಿದ. ಕೈ ಹೋದರೆ ಬೈರನಿಗೆ ಕೂಲಿಯೂ ಇಲ್ಲ, ಕೂಳೂ ಇಲ್ಲ.

ಚೀರುವಿನ ಕೂಗಿಗೆ ಸಣ್ಣಮ್ಮ ಬಳ್ಳಿ ಸವರುವ ಕತ್ತಿ ಹಿಡಿದೇ ಓಡಿ ಬಂದಳು. "ಬುಡು ಅವನ್ನ. ಕುಯ್ದೋಳು ನಾನೇಯ."

"ಆಳು ಉಳಿಸಾಕೆ ಸುಳ್ಳಾಡ್ಬ್ಯಾಡ. ನಿನ್ ಕತ್ನಲ್ಲಿ ಲಿಂಗ ಐತೆ."

"ಐತಲ್ಲ, ಅದ್ಕೇ ಹೇಳ್ತಾ ಇವ್ನಿ. ಕಣ್ಬುಟ್ಟು ನೋಡು." ಉಳಿದಿದ್ದ ಬಳ್ಳಿಯನ್ನೂ ಅವನೆದುರಿಗೇ ಸವರಿ ಮೋಟು ಮಾಡಿದಳು.

ಚೆಲುವರಾಜುವಿಗೆ ಅರ್ಥವಾಯಿತು. ಆದರೆ ಬೇಲಿಯಾಚೆ ಅವನ ಆಳುಗಳು ನಿಂತು ನೋಡುತ್ತಿದ್ದರು. ತಪ್ಪನ್ನು ನುಂಗಲಾರದೆ ಮಚ್ಚೆತ್ತಿ ಬೀಸಿದ. ಬೈರನ ಕೈಯ ಮೇಲೆ ಸಣ್ಣಮ್ಮ ತನ್ನ ಎಡಗೈ ಚಾಚಿದಳು. ಎರಡು ಬೆರಳುಗಳು ಹಲಗೆಯ ಮೇಲೆ ಉಳಿದವು.

ಮಚ್ಚು ಚೆಲುವರಾಜುವಿನ ಕೈಯಿಂದ ಜಾರಿತು. ಸಣ್ಣಮ್ಮ ರಕ್ತ ಸುರಿಯುತ್ತಿರುವಂತೆಯೇ ಹಗ್ಗ ಕೊಯ್ದಳು. ಬಿಡುಗಡೆಯಾದ ಬೈರ ಬಗ್ಗಿ ಅದೇ ಮಚ್ಚನ್ನೆತ್ತಿಕೊಂಡು ಚೆಲುವರಾಜುವನ್ನು ಕೆಳಕ್ಕೆ ಕೆಡವಿ, ಕೊರಳ ಮೇಲೆ ಅಲಗಿಟ್ಟ. ಚರ್ಮ ಹರಿದು ನೆತ್ತರು ಇಳಿಯಿತು.

"ಬೈರ," ಎಂದಳು ಸಣ್ಣಮ್ಮ, "ನಿನ್ ಕೈ ನಾನು ಉಳಿಸಿದ್ದು ಇದ್ಕಲ್ಲ."

ಬೈರ ಅಲಗನ್ನು ಕೊರಳಿನಿಂದ ತೆಗೆದ. ಆಮೇಲೆ ಮಚ್ಚನ್ನು ಪೊದೆಗೆ ಎಸೆದು, ತನ್ನ ಪಂಚೆಯನ್ನು ಹರಿದು ಅವಳ ಕೈಗೆ ಬಿಗಿದ.

ಶಿವಮಲ್ಲಪ್ಪ ಬಂದವನು ತಮ್ಮನನ್ನು ಅಂದೇ ಹೊರಗಟ್ಟುವವನಿದ್ದ. ಸಣ್ಣಮ್ಮ ತಡೆದಳು. "ಸುಟ್ಟಿದ್ನ ಕಟ್ಕೊಟ್ಟು ಹೋಗ್ಲಿ." ಹನ್ನೊಂದು ದಿನ ಚೆಲುವರಾಜು ಬಿದಿರು ಹೊತ್ತ, ಹುಲ್ಲು ಹೊದಿಸಿದ. ಬೈರನೂ ಚೀರುವೂ ಹೊಳೆಯ ದಡದ ತಮ್ಮ ನೆಲದ ಹೊಸ ಗುಡಿಸಲನ್ನು ಹೊಕ್ಕ ಮೇಲೆ ಅವನು ಗಡಿ ದಾಟಿ ಊರಿಗೆ ಮರಳಿ ಹೋದ.

ಸಾಂಬಶಿವನು ಆ ತಾಯಿಯ ಗಾಯವನ್ನು ತನ್ನ ಹಣೆಗಣ್ಣಿನೆದುರು ಇರಿಸಿಕೊಳ್ಳಲಿ. ಅವಳ ಒಲೆ ಆರದಿರಲಿ, ಶಿವಮಲ್ಲಪ್ಪನ ಆಯುಷ್ಯ ಬೆಳೆಯಲಿ. ಅವಳ ಸಂತತಿಯ ಕೈಗೆ ಅಲಗು ಬಂದಾಗಲೆಲ್ಲ ವಿವೇಕವೂ ಜೊತೆಯಲ್ಲಿ ಬರಲಿ; ಆ ಹೊಸಿಲು ದಾಟಿ ಒಳಬಂದವರಾರೂ ಅಂಜಿಕೆಯಿಂದ ಮಲಗದಿರಲಿ.