ಎಡಗಾಲು ಊರಿದ ಶಾಸಕರು

ಮೂರನೇ ಬಾರಿ ಶಾಸಕರಾದರೂ ಅವರನ್ನು ಎಲ್ಲರೂ ಕರೆಯುವುದು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಇಟ್ಟ ಹೆಸರಿನಿಂದಲೇ: ಉದ್ದಣ್ಣ. ಆನೆ ನುಗ್ಗುವಂಥ ಬಾಗಿಲನ್ನೂ ಅವರು ತಲೆ ಬಗ್ಗಿಸಿಯೇ ದಾಟುತ್ತಾರೆ. ಜನ ಅದನ್ನು ವಿನಯವೆಂದುಕೊಂಡು ಓಟು ಹಾಕುತ್ತಾರೆ. ವಿಧಾನಸಭೆಯ ಮೊಗಸಾಲೆಯಲ್ಲಿ ಯಾರಾದರೂ ಮಾತಾಡಿಸಿದರೆ ಎಡಗಾಲನ್ನು ನೆಲಕ್ಕೆ ಮೊಳೆ ಹೊಡೆದಂತೆ ಊರಿ, ಮೈಯನ್ನು ಮಾತ್ರ ಗಿರಗಿರನೆ ತಿರುಗಿಸುತ್ತ, ಆಡಳಿತ ಪಕ್ಷದವರಿಗೂ ವಿರೋಧ ಪಕ್ಷದವರಿಗೂ ಹೇಳುವುದು ಒಂದೇ: "ನೋಡೋಣ, ಎಲ್ಲಾ ಒಳ್ಳೇದೇ ಆಗುತ್ತೆ." ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರ ಆಪ್ತ ಕಾರ್ಯದರ್ಶಿ ಮಾತ್ರ ಮುಖ ನೋಡುವುದಿಲ್ಲ, ಆ ಎಡಗಾಲನ್ನೇ ನೋಡುತ್ತಾನೆ. ಇವತ್ತು ವಿಶ್ವಾಸಮತ, ಸರ್ಕಾರ ಉಳಿಯುವುದೂ ಉರುಳುವುದೂ ಒಂದೇ ಓಟಿನಲ್ಲಿದೆ. ಸದನದ ಗಂಟೆ ಬಾರಿಸುತ್ತಿದೆ, ಅದು ನಿಂತರೆ ಬಾಗಿಲು ಹಾಕುತ್ತಾರೆ. "ನಮಗೆ ಮಾತು ಕೊಟ್ಟಿದ್ದೀರಿ," ಎಂದು ಆಡಳಿತ ಪಕ್ಷದ ನಾಯಕರು ಒಂದು ಕೈ ಹಿಡಿದಿದ್ದಾರೆ. "ನಮಗೂ ಕೊಟ್ಟಿದ್ದೀರಿ," ಎಂದು ವಿರೋಧ ಪಕ್ಷದವರು ಇನ್ನೊಂದು ಕೈ ಹಿಡಿದಿದ್ದಾರೆ. "ನೋಡೋಣ," ಎನ್ನುತ್ತಾರೆ ಉದ್ದಣ್ಣ. ಕಾರ್ಯದರ್ಶಿಯ ಕಣ್ಣು ಎಡಗಾಲಿನ ಮೇಲೇ ಇದೆ. ಕಾಲೇಜಿನ ಫೈನಲ್ ದಿನ ಅವನು ಅದೇ ತಂಡದ ಬೆಂಚಿನಲ್ಲಿ ಕೂತಿದ್ದ. ತಂಡ ಒಂದು ಪಾಯಿಂಟ್ ಹಿಂದಿತ್ತು, ಚೆಂಡು ಉದ್ದಣ್ಣನ ಕೈಯಲ್ಲಿತ್ತು, ಬುಟ್ಟಿ ಎದುರಿಗೇ ಇತ್ತು. ಇವರು ಎಡಗಾಲು ಊರಿ, ಯಾರಿಗೆ ಕೊಡಲೆಂದು ತಿರುಗುತ್ತಲೇ ಇದ್ದರು. ಸೀಟಿ ಊದಿದಾಗಲೂ ಚೆಂಡು ಕೈಯಲ್ಲೇ ಇತ್ತು. ಅಂದು ಬೆಂಚಿನಿಂದ ಕೂಗಿದ್ದನ್ನೇ ಅವನು ಇಂದು ತುದಿಗಾಲಲ್ಲಿ ನಿಂತು ಅವರ ಕಿವಿಯಲ್ಲಿ ಹೇಳಿದ: "ಟೈಮ್ ಮುಗೀತಿದೆ, ಉದ್ದಣ್ಣ." ನಾಯಕರಿಬ್ಬರೂ ಕೈ ಬಿಟ್ಟು ಒಳಗೆ ಓಡಿದರು. ಗಂಟೆ ನಿಂತಿತು. ಬಾಗಿಲು ಮುಚ್ಚಿದ ಮೇಲೆ ಎಡಗಾಲು ಎದ್ದಿತು. ಉದ್ದಣ್ಣ ನಡೆದು ಹೋಗಿ, ಆ ಮುಚ್ಚಿದ ಬಾಗಿಲ ಮುಂದೆಯೂ ತಲೆ ಬಗ್ಗಿಸಿದರು.